ಓಲೆಕಟ್ಟಿನ ದಾರದ ನಾಣ್ಯ: ಕಿಲುಬನ್ನು ತೆಗೆಯಬೇಕೆ, ಉಳಿಸಬೇಕೆ?

ಹಸ್ತಪ್ರತಿಗಳ ಪರಿಶೀಲನೆಗಾಗಿ ಶ್ರಾವಕರ ಮನೆಗಳಿಗೆ ಹೋದಾಗ ಓಲೆಗ್ರಂಥದೊಡನೆ ಬೇರೆ ಹಲವು ವಸ್ತುಗಳೂ ನಮ್ಮ ಮುಂದೆ ಬರುತ್ತವೆ. ಹಳೆಯ ಪೆಟ್ಟಿಗೆಯ ತಳದಿಂದ ಕಂಠ, ಜಪಸರ, ಸವೆದ ತೂಕದ ಕಲ್ಲು, ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟ ಹತ್ತಾರು ನಾಣ್ಯಗಳು ಹೊರಬರುವುದುಂಟು. ನಾಣ್ಯಗಳು ಬಹುಮಟ್ಟಿಗೆ ಹಸಿರು ಕಿಲುಬಿನಿಂದಲೋ ಕಪ್ಪು ಪೊರೆಯಿಂದಲೋ ಮುಚ್ಚಿರುತ್ತವೆ. ಆಗ ಮನೆಯ ಯಜಮಾನರು ತಪ್ಪದೆ ಕೇಳುವ ಪ್ರಶ್ನೆ ಒಂದೇ: “ಪಂಡಿತರೇ, ಇವನ್ನು ತೊಳೆದು ಇಡಬಹುದೇ?” ಹಸ್ತಪ್ರತಿಯ ಅಭ್ಯಾಸಿಗೂ ನಾಣ್ಯದ ಕಿಲುಬಿಗೂ ಏನು ಸಂಬಂಧವೆಂದು ವಾಚಕರಿಗೆ ತೋರಬಹುದು. ಸಂಬಂಧವಿದೆ. ಅದನ್ನು ನಿರೂಪಿಸಿ, ಆ ಪ್ರಶ್ನೆಗೆ ಕಾರಣಸಹಿತವಾದ ಉತ್ತರವನ್ನು ಕೊಡುವುದೇ ಪ್ರಸ್ತುತ ಲೇಖನದ ಉದ್ದೇಶ.

ದಾರದ ತುದಿಯ ನಾಣ್ಯ

ತಾಳೆಯೋಲೆಯ ಗ್ರಂಥವನ್ನು ಕಟ್ಟುವ ಕ್ರಮ ಸರ್ವವಿದಿತ. ಗರಿಗಳಲ್ಲಿ ಕೊರೆದ ರಂಧ್ರದ ಮೂಲಕ ದಾರವನ್ನು ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು, ಉಳಿದ ದಾರವನ್ನು ಕಟ್ಟಿನ ಸುತ್ತ ಸುತ್ತಿ ಬಿಗಿಯುತ್ತಾರೆ. ದಾರವು ರಂಧ್ರದಿಂದ ಜಾರಿಹೋಗದಂತೆ ಅದರ ತುದಿಗೆ ಒಂದು ತಡೆ ಬೇಕು. ಅದಕ್ಕಾಗಿ ಕವಡೆ, ಮರದ ಇಲ್ಲವೆ ದಂತದ ಗುಂಡಿ, ತೂತು ಕೊರೆದ ತಾಮ್ರದ ನಾಣ್ಯ ಇವುಗಳಲ್ಲಿ ಯಾವುದಾದರೊಂದನ್ನು ಕಟ್ಟುವುದು ವಾಡಿಕೆ. ನಾಣ್ಯಸಂಗ್ರಾಹಕರ ದೃಷ್ಟಿಯಲ್ಲಿ ತೂತು ಬಿದ್ದ ನಾಣ್ಯ ಕೆಟ್ಟ ನಾಣ್ಯ. ನಮಗಾದರೋ ಆ ತೂತೇ ಅದರ ಬೆಲೆಗೆ ಕಾರಣ.

ಏಕೆಂದರೆ ದಾರದ ನಾಣ್ಯವು ಒಂದು ಕಾಲಸೂಚನೆಯನ್ನು ಕೊಡುತ್ತದೆ. ನಾಣ್ಯವನ್ನು ಟಂಕಿಸಿದ ವರ್ಷಕ್ಕಿಂತ ಮೊದಲು ಅದನ್ನು ದಾರಕ್ಕೆ ಕಟ್ಟಿರಲಾರರು. ಮದ್ರಾಸು ಪ್ರಾಂತಕ್ಕಾಗಿ ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಹತ್ತು ಕಾಸು, ಇಪ್ಪತ್ತು ಕಾಸುಗಳ ಮೇಲೆ 1803 ಅಥವಾ 1808 ಎಂಬ ವರ್ಷವಿರುತ್ತದೆ. 1808ರ ಕಾಸು ದಾರದಲ್ಲಿದ್ದರೆ ಆ ದಾರವನ್ನು ಕಟ್ಟಿದ್ದು 1808ರಲ್ಲಿ ಅಥವಾ ಅನಂತರ ಎಂಬುದು ಖಚಿತ. ಎಷ್ಟು ಅನಂತರ ಎಂಬುದನ್ನು ಮಾತ್ರ ಅದು ಹೇಳದು. ಹಳೆಯ ಕಾಸುಗಳು ಬಹುಕಾಲ ಕೈಯಿಂದ ಕೈಗೆ ಸಾಗುತ್ತವೆ. ಹಾಗೆಯೇ 1943ರಿಂದ 1947ರವರೆಗೆ ಬ್ರಿಟಿಷ್ ಇಂಡಿಯಾ ಸರ್ಕಾರ ಹೊರಡಿಸಿದ ಒಂದು ಪೈಸೆಯ ನಾಣ್ಯದ ನಡುವೆ ಟಂಕಸಾಲೆಯಲ್ಲೇ ಮಾಡಿದ ದುಂಡಗಿನ ತೂತಿದೆ. ಈ ತೂತು ಕಾಸು ದಾರಕ್ಕೆ ಹೇಳಿ ಮಾಡಿಸಿದಂತಿದೆ. ಅದು ಕಂಡರೆ ಆ ದಾರ 1943ಕ್ಕೆ ಹಿಂದಿನದಲ್ಲ ಎಂದು ನಿಸ್ಸಂಶಯವಾಗಿ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಾಣ್ಯವು ದಾರದ ಕಾಲವನ್ನು ಸೂಚಿಸುವುದೇ ಹೊರತು ಓಲೆಯ ಕಾಲವನ್ನಲ್ಲ. ದಾರ ಸವೆದಾಗಲೆಲ್ಲ ಹೊಸದನ್ನು ಹಾಕುತ್ತಾರೆ. ಐನೂರು ವರ್ಷದ ಓಲೆಗೆ ನಿನ್ನೆಯ ದಾರವಿರಬಹುದು. ಆದರೂ ಈ ಸೂಚನೆ ನಿಷ್ಪ್ರಯೋಜಕವಲ್ಲ. ಕಟ್ಟನ್ನು ಕಡೆಯ ಬಾರಿ ಬಿಚ್ಚಿ, ಗರಿಗಳನ್ನು ಜೋಡಿಸಿ ಕಟ್ಟಿದವರು ಯಾವ ಕಾಲದವರೆಂಬುದು ಅದರಿಂದ ತಿಳಿಯುತ್ತದೆ. ಗರಿಗಳ ಕ್ರಮ ತಪ್ಪಿರುವಾಗ, ಎರಡು ಗ್ರಂಥಗಳ ಗರಿಗಳು ಬೆರೆತಿರುವಾಗ, ಆ ಬೆರಕೆ ಎಂದು ನಡೆಯಿತೆಂಬ ವಿಚಾರಕ್ಕೆ ಇದಕ್ಕಿಂತ ಬೇರೆ ಆಧಾರ ಎಷ್ಟೋ ವೇಳೆ ದೊರೆಯುವುದಿಲ್ಲ.

ನನ್ನಿಂದಾದ ಒಂದು ತಪ್ಪು

ಈ ಮಾತನ್ನು ನಾನು ಕಲಿತದ್ದು ಗ್ರಂಥಗಳಿಂದಲ್ಲ. ನಮ್ಮ ಅಜ್ಜನವರ ಕಾಲದಿಂದ ಮನೆಯಲ್ಲಿದ್ದ ಒಂದು ಓಲೆಕಟ್ಟಿನ ದಾರಕ್ಕೆ ಆನೆಯ ಚಿತ್ರವಿದ್ದ ತಾಮ್ರದ ನಾಣ್ಯವೊಂದನ್ನು ಕಟ್ಟಿದ್ದರು. ಪ್ರತಿ ವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು, ಅಂದರೆ ಶ್ರುತಪಂಚಮಿಯಂದು, ಗ್ರಂಥಗಳನ್ನು ಹೊರತೆಗೆದು ಧೂಳು ಒರೆಸಿ ಪೂಜಿಸುವ ಸಂಪ್ರದಾಯ ನಮ್ಮಲ್ಲಿ ಇದೆಯಷ್ಟೆ. ನನಗಾಗ ಸುಮಾರು ಇಪ್ಪತ್ತು ವರ್ಷ. ಗ್ರಂಥಕ್ಕೆ ಶುಭ್ರವಾದ ವಸ್ತ್ರವನ್ನು ಹೊದಿಸಿದ ಮೇಲೆ ಅದರ ತುದಿಯಲ್ಲಿ ಕಿಲುಬು ಹಿಡಿದ ಕಾಸು ತೂಗಾಡುವುದು ನನಗೆ ಸರಿದೋರಲಿಲ್ಲ. ತಾಮ್ರದ ಚೊಂಬನ್ನು ಬೆಳಗುವಂತೆ ಹುಣಸೆಹಣ್ಣು ಮತ್ತು ಉಪ್ಪನ್ನು ಹಚ್ಚಿ ಅದನ್ನು ಬೆಳಗಿದೆ. ಅರ್ಧ ಗಳಿಗೆಯಲ್ಲಿ ನಾಣ್ಯ ಕೆಂಪಗೆ ಹೊಳೆಯಿತು. ಮನೆಯವರೆಲ್ಲ ಸಂತೋಷಪಟ್ಟರು.

ಆನೆಯ ಬೆನ್ನಿನ ರೇಖೆಯೊಂದು ಉಳಿಯಿತು, ಕಾಲುಗಳು ಮಾಸಿಹೋದವು. ಹಿಂಬದಿಯಲ್ಲಿ ಅಕ್ಷರಗಳಿದ್ದುವೆಂಬುದು ನನ್ನ ನೆನಪಿನಲ್ಲಿದೆ. ಯಾವ ಲಿಪಿಯ ಅಕ್ಷರಗಳೆಂಬುದು ನೆನಪಿಲ್ಲ. ಈಗ ಅಲ್ಲಿ ಏನೂ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಆ ಮಳೆಗಾಲ ಕಳೆದು ಕಟ್ಟನ್ನು ಬಿಚ್ಚಿದಾಗ ನಾಣ್ಯದ ಮೇಲೆಲ್ಲ ತಿಳಿಹಸಿರು ಬಣ್ಣದ ಹುಡಿ ಎದ್ದಿತ್ತು. ಅದು ತಗುಲಿದ ಹಲಗೆಯ ಅಂಚಿನಲ್ಲಿ ಹಸಿರು ಕಲೆಯಾಗಿ, ಮೊದಲ ಎರಡು ಗರಿಗಳ ತುದಿಗೂ ಇಳಿದಿತ್ತು.

ನಷ್ಟವೇನೆಂಬುದನ್ನು ಅನಂತರದ ವ್ಯಾಸಂಗದಿಂದ ತಿಳಿದುಕೊಂಡೆ. ಮೈಸೂರು ಸೀಮೆಯ ತಾಮ್ರದ ನಾಣ್ಯಗಳಲ್ಲಿ ಆನೆಯು ಒಬ್ಬ ಅರಸನ ಗುರುತಲ್ಲ. ಹೈದರಾಲಿ ತನ್ನ ಕೊನೆಯ ವರ್ಷಗಳಲ್ಲಿ ಅದನ್ನು ತಾಮ್ರದ ನಾಣ್ಯಕ್ಕೆ ತಂದನು. ಟಿಪ್ಪು ಸುಲ್ತಾನನು ಮುಂದುವರಿಸಿದನು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಆನೆಯಿದೆ. ಇವುಗಳನ್ನು ಬೇರ್ಪಡಿಸುವುದು ಬರಹ. ಟಿಪ್ಪುವಿನ ನಾಣ್ಯಗಳಲ್ಲಿ ಟಂಕಸಾಲೆಯ ಹೆಸರು ಪಾರಸಿ ಲಿಪಿಯಲ್ಲಿರುತ್ತದೆ. ಆತನ ಆಳ್ವಿಕೆಯ ಐದನೆಯ ವರ್ಷದಿಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುವುದು ವಿಶೇಷ. ಒಡೆಯರ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷು ಲಿಪಿಗಳು ಕಾಣಸಿಗುತ್ತವೆ. ಹೀಗೆ ಹಿಂಬದಿಯ ಬರಹವೊಂದು ಉಳಿದಿದ್ದರೆ ಆ ದಾರದ ಪೂರ್ವಾವಧಿಯನ್ನು ನಿರ್ಣಯಿಸಬಹುದಿತ್ತು. ಇಂದು ನಾನು ಹೇಳಬಲ್ಲುದು “ಆನೆಯಿದ್ದ ಒಂದು ಕಾಸು” ಎಂದಷ್ಟೆ.

ಹುಣಸೆಹುಳಿ ಮಾಡುವ ಕೆಲಸ

ನಾನು ಮಾಡಿದ್ದರಲ್ಲಿ ಎರಡು ತಪ್ಪುಗಳಿದ್ದವು. ಅವು ಬೇರೆ ಬೇರೆಯಾದವುಗಳಾದುದರಿಂದ ಬೇರೆಯಾಗಿಯೇ ವಿವರಿಸಬೇಕು.

ಮೊದಲನೆಯದು ಕಿಲುಬಿನ ಸ್ವರೂಪವನ್ನು ಅರಿಯದಿದ್ದುದು. ಕಿಲುಬೆಂದರೆ ನಾಣ್ಯದ ಮೇಲೆ ಹೊರಗಿನಿಂದ ಕುಳಿತ ಕೊಳೆ ಎಂದು ನಾವು ಭಾವಿಸುತ್ತೇವೆ. ಕೊಳೆಯನ್ನು ತೆಗೆದರೆ ಅಡಿಯಲ್ಲಿ ಹಳೆಯ ನಾಣ್ಯ ಇದ್ದಂತೆಯೇ ಇರುವುದೆಂಬುದು ನಮ್ಮ ನಂಬಿಕೆ. ವಸ್ತುಸ್ಥಿತಿ ಹಾಗಿಲ್ಲ. ಕಿಲುಬು ನಾಣ್ಯದ ತಾಮ್ರದಿಂದಲೇ ಆದುದು. ತಾಮ್ರವು ಗಾಳಿಯ ಆಮ್ಲಜನಕದೊಡನೆ ಕೂಡಿ ಮೊದಲು ಕೆಂಗಂದು ಬಣ್ಣದ ಆಕ್ಸೈಡಿನ ಪೊರೆಯಾಗುತ್ತದೆ. ಅದರ ಮೇಲೆ ನೀರಿನ ಪಸೆ ಮತ್ತು ಅಂಗಾರಾಮ್ಲ ವಾಯುವಿನ ಸಂಪರ್ಕದಿಂದ ಹಸಿರು ಕಾರ್ಬೊನೇಟು ಬೆಳೆಯುತ್ತದೆ. ಹೀಗೆ ಮಾರ್ಪಡುವಾಗ ನಾಣ್ಯದ ಮೂಲಮೈ, ಅಂದರೆ ಅಚ್ಚು ಒತ್ತಿದ ಮೈ, ಎಷ್ಟೋ ವೇಳೆ ಈ ಪೊರೆಯ ಒಳಗಡೆಯೇ ಉಳಿದುಕೊಳ್ಳುತ್ತದೆ. ಅಡಿಯ ಲೋಹ ಅಷ್ಟರಲ್ಲಿ ತಗ್ಗುದಿಣ್ಣೆಯಾಗಿ ತಿಂದುಹೋಗಿರುತ್ತದೆ. ಅಕ್ಷರವು ನಿಂತಿರುವುದು ಲೋಹದಲ್ಲಲ್ಲ, ಪೊರೆಯಲ್ಲಿ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವಾಗಲಿ ನಿಂಬೆಯ ಸಿಟ್ರಿಕ್ ಆಮ್ಲವಾಗಲಿ ಆಕ್ಸೈಡು ಕಾರ್ಬೊನೇಟುಗಳನ್ನು ಕರಗಿಸುತ್ತದೆ. ಪೊರೆಯೊಡನೆ ಅಕ್ಷರವೂ ಕರಗುತ್ತದೆ. ಉಳಿಯುವುದು ಹೊಳೆಯುವ, ಬರಹವಿಲ್ಲದ ಬಿಲ್ಲೆ.

ಚೊಂಬನ್ನು ಪ್ರತಿದಿನ ಬೆಳಗಿದರೂ ಕೆಡುವುದಿಲ್ಲವಲ್ಲ ಎಂದು ಕೇಳಬಹುದು. ಚೊಂಬಿನ ಪೊರೆ ಒಂದೆರಡು ದಿನದ್ದು, ಅತಿ ತೆಳುವಾದುದು. ಅಲ್ಲದೆ ಚೊಂಬಿನ ಮೈಯಲ್ಲಿ ಓದಬೇಕಾದ ಬರಹವಿಲ್ಲ; ನಾಣ್ಯದಲ್ಲಿ ಮೈಯೇ ಬರಹ.

ಎರಡನೆಯ ತಪ್ಪು ಉಪ್ಪನ್ನು ಬಳಸಿದ್ದು. ಉಪ್ಪಿನಲ್ಲಿರುವ ಕ್ಲೋರೈಡು ತಾಮ್ರದೊಡನೆ ಸೇರಿ ನಾಣ್ಯದ ಗುಳಿಗಳ ಆಳದಲ್ಲಿ ತಾಮ್ರದ ಕ್ಲೋರೈಡಾಗಿ ಅಡಗಿ ಕುಳಿತುಕೊಳ್ಳುತ್ತದೆ. ಮೇಲೆ ಎಷ್ಟು ತೊಳೆದರೂ ಅದು ಹೋಗದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ತೇವ ಮತ್ತು ಆಮ್ಲಜನಕಗಳೊಡನೆ ಕೂಡಿ ತಿಳಿಹಸಿರು ಹುಡಿಯಾಗಿ ಹೊರಬರುತ್ತದೆ. ಆ ಕ್ರಿಯೆಯಲ್ಲಿ ಹುಟ್ಟುವ ಆಮ್ಲವು ಉಳಿದ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡನ್ನು ಹುಟ್ಟಿಸುತ್ತದೆ. ಅದರಿಂದ ಮತ್ತೆ ಹುಡಿ. ಲೋಹ ಮುಗಿಯುವವರೆಗೆ ಈ ಚಕ್ರ ನಿಲ್ಲದು. ಸಂರಕ್ಷಣಶಾಸ್ತ್ರದಲ್ಲಿ ಇದಕ್ಕೆ ‘ಕಂಚಿನ ರೋಗ’ ಎಂಬ ಹೆಸರು ರೂಢಿಯಲ್ಲಿದೆ. ಕಂಚಿಗೂ ತಾಮ್ರಕ್ಕೂ ಇದು ಸಮಾನ. ಮಣ್ಣಿನಲ್ಲಿ ಹೂತಿದ್ದ ನಾಣ್ಯಗಳಿಗೆ ಮಣ್ಣಿನ ಉಪ್ಪಿನಿಂದ ಇದು ತಗಲುತ್ತದೆ. ನಮ್ಮ ನಾಣ್ಯಕ್ಕೆ ಅದನ್ನು ತಗುಲಿಸಿದವನು ನಾನೇ.

ಎರಡು ಬಗೆಯ ಹಸಿರು

ಮೇಲಿನ ವಿವರಣೆಯಿಂದ ಕಿಲುಬಿನಲ್ಲಿ ಎರಡು ಬಗೆಯುಂಟೆಂಬುದು ಸ್ಪಷ್ಟವಾಗುತ್ತದೆ. ತೊಳೆಯಬೇಕೆ ಬೇಡವೆ ಎಂಬ ಪ್ರಶ್ನೆಯ ಉತ್ತರವೆಲ್ಲ ಇವೆರಡರ ಭೇದವನ್ನು ಅವಲಂಬಿಸಿದೆ.

ನೆಲೆನಿಂತ ಕಿಲುಬು ಗಟ್ಟಿಯಾಗಿ, ನುಣುಪಾಗಿ, ಮೈಗೆ ಅಂಟಿಕೊಂಡಿರುತ್ತದೆ. ಅದರ ಬಣ್ಣ ಕಡುಹಸಿರು, ಕಂದು ಅಥವಾ ಕಪ್ಪು. ಮೃದುವಾದ ಕುಂಚದಿಂದ ಸವರಿದರೆ ಉದುರುವುದಿಲ್ಲ. ಅದು ಲೋಹವನ್ನು ಮತ್ತಷ್ಟು ತಿನ್ನುವುದಿಲ್ಲ. ಬದಲಾಗಿ ಕವಚದಂತೆ ಕಾಯುತ್ತದೆ. ಇದನ್ನು ತೆಗೆಯಬೇಕಾದ ಕಾರಣವೇ ಇಲ್ಲ.

ಚಲಿಸುವ ಕಿಲುಬು ತಿಳಿಹಸಿರು ಬಣ್ಣದ್ದು, ಹುಡಿಹುಡಿಯಾದುದು, ಚುಕ್ಕೆಚುಕ್ಕೆಯಾಗಿ ಏಳುವಂಥದು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಕುಂಚದಿಂದ ತೆಗೆದರೆ ಅಡಿಯಲ್ಲಿ ಗುಳಿ ಕಾಣುತ್ತದೆ. ಕೆಲವು ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಹುಡಿ ಏಳುತ್ತದೆ. ಇದು ರೋಗ. ಇದನ್ನು ಹಾಗೆಯೇ ಬಿಟ್ಟರೆ ನಾಣ್ಯ ಉಳಿಯುವುದಿಲ್ಲ.

ಸಂದೇಹ ಬಂದಲ್ಲಿ ಒಂದು ಸುಲಭ ಪರೀಕ್ಷೆಯಿದೆ. ನಾಣ್ಯವನ್ನು ಶುಭ್ರವಾದ ಬಿಳಿಯ ಕಾಗದದ ಮೇಲಿಟ್ಟು, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಒಂದು ತಿಂಗಳು ಅಲುಗಾಡಿಸದೆ ಇಡಬೇಕು. ಇಡುವ ಮೊದಲು ಒಂದು ಛಾಯಾಚಿತ್ರ, ತೆಗೆದ ಮೇಲೆ ಮತ್ತೊಂದು. ಕಾಗದದ ಮೇಲೆ ಹಸಿರು ಹುಡಿ ಉದುರಿದ್ದರೆ ಅಥವಾ ಎರಡು ಚಿತ್ರಗಳಲ್ಲಿ ಚುಕ್ಕೆಗಳು ಭಿನ್ನವಾಗಿದ್ದರೆ ಕಿಲುಬು ಚಲಿಸುತ್ತಿದೆ ಎಂದರ್ಥ. ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಫಲಿತಾಂಶ ಹೆಚ್ಚು ನಂಬಿಕೆಗೆ ಅರ್ಹ.

ರೋಗಕ್ಕೆ ಮದ್ದು

ಕಂಚಿನ ರೋಗಕ್ಕೆ ಮೊದಲ ಮದ್ದು ಶುಷ್ಕತೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 40ಕ್ಕಿಂತ ಕಡಿಮೆಯಿದ್ದರೆ ಮೇಲೆ ಹೇಳಿದ ಚಕ್ರ ಬಹುಮಟ್ಟಿಗೆ ನಿಲ್ಲುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಹರಳುಗಳನ್ನಿಟ್ಟು, ಅದರೊಳಗೆ ನಾಣ್ಯವನ್ನು ಪ್ರತ್ಯೇಕ ಕಾಗದದ ಲಕೋಟೆಯಲ್ಲಿರಿಸಿದರೆ ಮನೆಯಲ್ಲೇ ಈ ಸ್ಥಿತಿಯನ್ನು ತರಬಹುದು. ಹರಳುಗಳು ತೇವ ಹೀರಿ ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ಇದರಿಂದ ರೋಗ ವಾಸಿಯಾಗುವುದಿಲ್ಲ, ತಡೆಯುತ್ತದೆ. ಡಬ್ಬಿಯನ್ನು ತೆರೆದಿಟ್ಟರೆ ಮತ್ತೆ ಮರಳುತ್ತದೆ.

ಕ್ಲೋರೈಡನ್ನು ಹೊರತೆಗೆಯುವ, ಇಲ್ಲವೆ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕದಿಂದ ತಾಮ್ರದ ಮೈಯನ್ನು ಬಂಧಿಸುವ ವಿಧಾನಗಳಿವೆ. ಬೆಂಜೊಟ್ರಯಜೋಲಿನ ಪ್ರಯೋಗ ಕಂಚಿನ ವಸ್ತುಗಳಿಗೆ 1960ರ ದಶಕದಿಂದ ಬಳಕೆಗೆ ಬಂದಿತು. ಆದರೆ ಅದು ಮೈಗೆ ತಾಗಬಾರದ, ಉಸಿರಿಗೆ ಸೇರಬಾರದ ವಸ್ತು, ಗೃಹಸ್ಥರು ಪ್ರಯೋಗಿಸತಕ್ಕದ್ದಲ್ಲ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ತಕ್ಕ ಪ್ರಯೋಗಾಲಯಗಳಿಲ್ಲವೆಂದೇನೂ ಇಲ್ಲ. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರ ದಶಕದಲ್ಲೇ ಎಸ್. ಪರಮಶಿವನ್ ಅವರು ಕಂಚಿನ ಮೂರ್ತಿಗಳ ಕಿಲುಬನ್ನು ವಿದ್ಯುತ್ತಿನ ಸಹಾಯದಿಂದ ನಿವಾರಿಸಿ ಕೀರ್ತಿ ಪಡೆದರು. ಸಾಂಸ್ಕೃತಿಕ ಸೊತ್ತಿನ ಸಂರಕ್ಷಣೆಗಾಗಿ ಲಖನೌದಲ್ಲಿ 1976ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಯೋಗಾಲಯ ಸ್ಥಾಪಿತವಾಯಿತು. ಅದರ ಪ್ರಾದೇಶಿಕ ಪ್ರಯೋಗಾಲಯವು ಮೈಸೂರಿನಲ್ಲಿದೆ. ರೋಗ ಹಿಡಿದ ನಾಣ್ಯ ಅಂಥವರ ಕೈಗೆ ಹೋಗಬೇಕೇ ವಿನಾ ಹುಣಸೆಹಣ್ಣಿನ ಕೈಗಲ್ಲ.

ಬೇರೆ ಲೋಹಗಳು

ಕಳೆದ ವರ್ಷ ಒಬ್ಬ ಹಿರಿಯ ಶ್ರಾವಕರು ತಮ್ಮ ಮನೆಯ ಓಲೆಕಟ್ಟಿನೊಡನೆ ಒಂದು ಚೀಲ ನಾಣ್ಯಗಳನ್ನೂ ತಂದಿದ್ದರು. ಅದರಲ್ಲಿ ಬೆಳ್ಳಿಯ ರೂಪಾಯಿಗಳೂ ಒಂದು ಚಿನ್ನದ ಹಣವೂ ಇದ್ದುವು. ತಾಮ್ರಕ್ಕೆ ಹೇಳಿದುದೇ ಇವಕ್ಕೂ ಅನ್ವಯಿಸುವುದೇ ಎಂಬುದು ಅವರ ಪ್ರಶ್ನೆ.

ಬೆಳ್ಳಿಯ ರೂಪಾಯಿಯ ಕಪ್ಪು ಗಾಳಿಯಲ್ಲಿರುವ ಗಂಧಕದ ಅಂಶದಿಂದ ಆದುದು. ಅದು ಬೆಳ್ಳಿಯ ಸಲ್ಫೈಡು. ತೆಳ್ಳಗೆ ಸಮನಾಗಿರುವ ಈ ಕಪ್ಪಿನಿಂದ ನಾಣ್ಯಕ್ಕೆ ಹಾನಿಯಿಲ್ಲ. ಹಲ್ಲುಪುಡಿ, ವಿಭೂತಿ, ರಂಗೋಲಿ ಪುಡಿಗಳಿಂದ ತಿಕ್ಕಿದರೆ ಕಪ್ಪಿನೊಡನೆ ಬೆಳ್ಳಿಯೂ ಸವೆಯುತ್ತದೆ; ಮರುವರ್ಷ ಮತ್ತೆ ಕಪ್ಪಾಗುತ್ತದೆ, ಮತ್ತೆ ತಿಕ್ಕುತ್ತಾರೆ. 1835ರಿಂದ 1940ರವರೆಗಿನ ರೂಪಾಯಿಯ ನಿಯತ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಉಳಿದುದು ಬೆರಕೆಯ ಲೋಹ. ಬೆಳ್ಳಿಯ ನಾಣ್ಯದ ಮೇಲೂ ಹಸಿರು ಕಂಡರೆ ಅದು ಬೆರಕೆಯ ತಾಮ್ರದಿಂದ ಬಂದುದೆಂದು ತಿಳಿಯಬೇಕು. 1940ರ ಅನಂತರದ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿದಿದೆ. ಅವುಗಳಲ್ಲಿ ಹಸಿರು ಹೆಚ್ಚು. ಧೂಳು, ಎಣ್ಣೆಯ ಜಿಡ್ಡು ಇದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ತೆಗೆದು, ಹತ್ತಿಯ ಬಟ್ಟೆಯಿಂದ ಒತ್ತಿ ಆರಿಸಬಹುದು, ಉಜ್ಜಬಾರದು.

ಚಿನ್ನಕ್ಕೆ ಕಿಲುಬಿಲ್ಲ. ಆದರೆ ಅದು ಮೆದು. ವರಹದ ತೂಕ ಸುಮಾರು 3.4 ಗ್ರಾಂ, ಹಣವು ಅದರ ಹತ್ತನೆಯ ಒಂದು ಪಾಲು. ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯ ಹಣದಂಥ ನಾಣ್ಯವು ಹುಣಿಸೆಯ ಬೀಜಕ್ಕಿಂತಲೂ ಚಿಕ್ಕದು. ಇಷ್ಟು ಸಣ್ಣ ಮೈಯಲ್ಲಿ ಒಂದು ಗೀರು ಬಿದ್ದರೆ ಒಂದು ಅಕ್ಷರ ಹೋದಂತೆಯೇ. ಅಕ್ಕಸಾಲಿಗರಿಗೆ ಕೊಟ್ಟು ಬೆಂಕಿಯಲ್ಲಿ ಕಾಯಿಸಿ ಆಮ್ಲದಲ್ಲಿ ಅದ್ದಿಸುವ ಪದ್ಧತಿಯನ್ನು ಸರ್ವಥಾ ಬಿಡಬೇಕು.

ಸೀಸದ ನಾಣ್ಯಗಳು ಮನೆಗಳಲ್ಲಿ ವಿರಳ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತಿವೆ. ಸೀಸಕ್ಕೆ ಮರದಿಂದ ಹೊರಡುವ ಆಮ್ಲದ ಆವಿಯೇ ಶತ್ರು. ಮರದ ಪೆಟ್ಟಿಗೆಯಲ್ಲಿಟ್ಟರೆ ಬಿಳಿಯ ಹುಡಿಯಾಗುತ್ತದೆ. ಆ ಹುಡಿ ವಿಷ. ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಓಲೆಗೂ ನಾಣ್ಯಕ್ಕೂ ಹೊಂದದ ಹವೆ

ದಾರದ ನಾಣ್ಯದ ವಿಷಯದಲ್ಲಿ ಮತ್ತೊಂದು ತೊಡಕಿದೆ. ರೋಗ ಹಿಡಿದ ತಾಮ್ರಕ್ಕೆ ಆರ್ದ್ರತೆ 40ಕ್ಕಿಂತ ಕೆಳಗಿರಬೇಕೆಂದು ಹೇಳಿದೆವು. ತಾಳೆಯೋಲೆಗೆ ಅಷ್ಟು ಒಣಹವೆ ಒಗ್ಗದು. ಗರಿಗಳು ಬಿರುಸಾಗಿ ಮುರಿಯುತ್ತವೆ. ಓಲೆಗೆ 50ರಿಂದ 60ರ ಆಸುಪಾಸಿನ ಆರ್ದ್ರತೆ ಹಿತ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ಗಾಳಿ ಇವೆರಡನ್ನೂ ಮೀರಿ ತೇವವಾಗಿರುತ್ತದೆ. ಆದುದರಿಂದ ಓಲೆಯ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲನ್ನು ತುಂಬಿ ನಾಣ್ಯವನ್ನು ಕಾಯುತ್ತೇವೆಂದರೆ ಓಲೆಯನ್ನು ಕಳೆದುಕೊಳ್ಳುತ್ತೇವೆ. ಓಲೆಗೆ ತಕ್ಕ ಹವೆಯಲ್ಲಿಟ್ಟರೆ ನಾಣ್ಯದ ರೋಗ ಬೆಳೆಯುತ್ತದೆ. ಇದಲ್ಲದೆ ತಾಮ್ರದ ಲವಣಗಳು ಓಲೆ ಕಾಗದಗಳ ನಾರನ್ನು ಬೇಗ ಶಿಥಿಲಗೊಳಿಸುತ್ತವೆ. ತಾಮ್ರದ ಹಸಿರು ಬಣ್ಣದಿಂದ ಬರೆದ ಹಳೆಯ ಚಿತ್ರಗಳಲ್ಲಿ ಆ ಬಣ್ಣವಿದ್ದ ಕಡೆಯೇ ಕಾಗದ ಕಂದಾಗಿ ಹರಿದಿರುವುದನ್ನು ಚಿತ್ರಿತ ಹಸ್ತಪ್ರತಿಗಳ ಅಭ್ಯಾಸಿಗಳು ಬಲ್ಲರು.

ಆದುದರಿಂದ ನನ್ನ ಸೂಚನೆ ಹೀಗಿದೆ. ದಾರದ ನಾಣ್ಯದ ಕಿಲುಬು ನೆಲೆನಿಂತದ್ದಾದರೆ ನಾಣ್ಯವನ್ನು ಅಲ್ಲಿಯೇ ಬಿಡಬೇಕು. ಅದು ಹಲಗೆಗೂ ಗರಿಗೂ ತಗುಲದಂತೆ ಆಮ್ಲರಹಿತ ಕಾಗದದ ಸಣ್ಣ ಚೀಲವನ್ನು ತೊಡಿಸಬೇಕು. ಚಲಿಸುವ ಕಿಲುಬಾದರೆ, ಮೊದಲು ಕಟ್ಟು, ದಾರ, ಗಂಟು, ನಾಣ್ಯ ಇವು ಇದ್ದ ಸ್ಥಿತಿಯಲ್ಲೇ ಛಾಯಾಚಿತ್ರ ತೆಗೆದು, ಅನಂತರ ಗಂಟನ್ನು ಬಿಚ್ಚದೆ ಹಳೆಯ ದಾರವನ್ನು ನಾಣ್ಯದೊಡನೆಯೇ ಹೊರತೆಗೆದು ಬೇರೆ ಒಣಡಬ್ಬಿಯಲ್ಲಿಡಬೇಕು. ಡಬ್ಬಿಗೂ ಗ್ರಂಥಕ್ಕೂ ಒಂದೇ ಸಂಖ್ಯೆಯಿರಬೇಕು. ಗ್ರಂಥಕ್ಕೆ ಹೊಸ ಹತ್ತಿಯ ದಾರವನ್ನು ಹಾಕಿ, ಹಾಕಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಬೇರ್ಪಟ್ಟರೂ ಸಂಬಂಧ ಕಡಿಯಬಾರದು ಎಂಬುದು ಇದರ ತಾತ್ಪರ್ಯ.

ತೊಳೆಯುವ ಮುನ್ನ ಬರೆಯಿರಿ

ಶುದ್ಧಿಗಾಗಿ ಪೂಜೆಯ ನಾಣ್ಯಗಳನ್ನು ತೊಳೆಯಲೇಬೇಕಲ್ಲವೇ ಎಂಬ ಆಕ್ಷೇಪ ಸಹಜ. ದೀಪಾವಳಿಯಲ್ಲಿ ಹಾಲು, ಎಳನೀರು, ಅರಿಸಿನ, ಕುಂಕುಮಗಳೆಲ್ಲ ಹಳೆಯ ನಾಣ್ಯಗಳ ಮೇಲೆ ಬೀಳುತ್ತವೆ. ಇವೆಲ್ಲವೂ ಕಿಲುಬನ್ನು ಕೆಣಕುವಂಥವೇ. ಇದಕ್ಕೆ ಪರಿಹಾರ ಸುಲಭ: ಅಭಿಷೇಕಕ್ಕೆ ಚಲಾವಣೆಯಲ್ಲಿರುವ ಹೊಸ ನಾಣ್ಯಗಳನ್ನಿಡಿ, ಹಿರಿಯರ ನಾಣ್ಯಗಳು ಮುಚ್ಚಿದ ಕರಡಿಗೆಯಲ್ಲಿದ್ದೇ ಪೂಜೆ ಸ್ವೀಕರಿಸಲಿ.

ಕೊಳೆಯಿಂದ ಅಕ್ಷರ ಕಾಣದಿರುವಾಗ ತೊಳೆಯದೆ ಓದುವುದು ಹೇಗೆ ಎಂಬುದು ಇನ್ನೊಂದು ಆಕ್ಷೇಪ. ಮಸಿ ಹೋದ ಓಲೆಯನ್ನು ನಾವು ಓರೆಬೆಳಕಿನಲ್ಲಿ ಹಿಡಿದು ಕಂಟದ ಗೀರುಗಳನ್ನು ಓದುತ್ತೇವೆ. ನಾಣ್ಯಕ್ಕೂ ಅದೇ ಉಪಾಯ. ಕತ್ತಲೆಯ ಕೋಣೆಯಲ್ಲಿ ಒಂದೇ ದೀಪವನ್ನು ನಾಣ್ಯದ ಮಟ್ಟಕ್ಕೆ ಪಕ್ಕದಿಂದ ಹಿಡಿದು, ನಾಲ್ಕು ದಿಕ್ಕುಗಳಿಂದಲೂ ಬೆಳಕು ಬೀಳುವಂತೆ ನಾಲ್ಕು ಛಾಯಾಚಿತ್ರಗಳನ್ನು ತೆಗೆದರೆ ಕಿಲುಬಿನಡಿಯ ಉಬ್ಬುತಗ್ಗು ಬಹುಪಾಲು ತೋರಿಬರುತ್ತದೆ. ಇದರಿಂದಲೂ ಕಾಣದ್ದನ್ನು ತಜ್ಞರು ಕ್ಷಕಿರಣದ ಚಿತ್ರದಿಂದ ಕೆಲವೊಮ್ಮೆ ಓದಬಲ್ಲರು.

ಪ್ರತಿ ನಾಣ್ಯದ ತೂಕ, ವ್ಯಾಸ, ಎರಡು ಬದಿಗಳ ಚಿತ್ರ, ಮನೆಯಲ್ಲಿ ಅದು ಎಲ್ಲಿತ್ತು, ಯಾರಿಂದ ಬಂತು, ಯಾವ ಗ್ರಂಥದ ದಾರದಲ್ಲಿತ್ತು ಎಂಬ ವಿವರಗಳನ್ನು ಬರೆದಿಡಬೇಕು. ಚೀಲದ ನಾಣ್ಯಗಳನ್ನು ಬೆರೆಸಬಾರದು; ಒಟ್ಟಿಗೆ ದೊರೆತವು ಒಟ್ಟಿಗೇ ಇರಬೇಕು. ಇಡಲು ಹತ್ತಿಯ ಕಾಗದದ ಲಕೋಟೆ ಉತ್ತಮ. ಪಿ.ವಿ.ಸಿ.ಯ ಮೆತ್ತನೆಯ ಚೀಲಗಳು ಕಾಲಾಂತರದಲ್ಲಿ ಆಮ್ಲವನ್ನು ಬಿಟ್ಟು ನಾಣ್ಯಕ್ಕೆ ಹಸಿರು ಅಂಟನ್ನು ಹತ್ತಿಸುತ್ತವೆ. ರಬ್ಬರು, ಉಣ್ಣೆ, ಸುದ್ದಿಪತ್ರಿಕೆಯ ಕಾಗದ ಇವೂ ವರ್ಜ್ಯ. ಎಣ್ಣೆ ಹಚ್ಚುವುದರಿಂದ ಕಾಪಾಡಿದಂತಾಗುವುದಿಲ್ಲ. ಎಣ್ಣೆಯ ಆಮ್ಲಗಳೂ ತಾಮ್ರವನ್ನು ತಿನ್ನುತ್ತವೆ.

ಕಾಯಿದೆಯ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ, ಶಾಸ್ತ್ರ ಇತಿಹಾಸ ಸಾಹಿತ್ಯಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಯೂ ಪುರಾವಸ್ತುಗಳು. ಇವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹಿರಿಯರಿಂದ ಬಂದುದನ್ನು ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ. ಹೊಲ ಮನೆಗಳ ನೆಲದಲ್ಲಿ ಸಿಕ್ಕ ನಿಧಿಯ ಮಾತು ಬೇರೆ. ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಉಪಸಂಹಾರ

ಪ್ರತಿಯಲ್ಲಿ ಅಪಪಾಠವಿದೆಯೆಂದು ಯಾವ ಸಂಪಾದಕನೂ ಓಲೆಯನ್ನು ಕೆರೆದು ತಿದ್ದುವುದಿಲ್ಲ. ಇದ್ದುದನ್ನು ಇದ್ದಂತೆ ಉಳಿಸಿ, ತನ್ನ ಊಹೆಯನ್ನು ಅಡಿಯಲ್ಲಿ ಬರೆಯುತ್ತಾನೆ. ಮುಂದೆ ಬರುವವರು ಅವನಿಗಿಂತ ಚೆನ್ನಾಗಿ ಓದಿಯಾರು. ನಾಣ್ಯದ ಕಿಲುಬಿಗೂ ಇದೇ ನ್ಯಾಯ. ಇಂದು ತೊಳೆಯದಿದ್ದ ನಾಣ್ಯವನ್ನು ನಾಳೆ ತಜ್ಞರು ತೊಳೆಯಬಹುದು. ಇಂದು ತೊಳೆದುದನ್ನು ಯಾರೂ ಹಿಂದಿರುಗಿಸಲಾರರು. ಆದುದರಿಂದ ನೆಲೆನಿಂತ ಕಿಲುಬನ್ನು ಮುಟ್ಟದಿರುವುದು, ಚಲಿಸುವ ಕಿಲುಬನ್ನು ಒಣಗಿಸಿ ತಡೆದು ಬಲ್ಲವರಿಗೆ ಒಪ್ಪಿಸುವುದು, ಎರಡಕ್ಕೂ ಮೊದಲು ಬರೆದಿಡುವುದು ಇವೇ ನಮ್ಮ ಪ್ರಶ್ನೆಗೆ ಉತ್ತರ.

ಹಸ್ತಪ್ರತಿ ಭಂಡಾರಗಳನ್ನು ನೋಡಿಕೊಳ್ಳುವವರಲ್ಲಿ ಒಂದು ವಿಜ್ಞಾಪನೆಯಿದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1948ರಲ್ಲಿ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಿಂದ ಮೊದಲ್ಗೊಂಡು ನಮ್ಮ ವಿದ್ವಾಂಸರು ಸೂಚಿಗಳಿಗಾಗಿ ಪಟ್ಟ ಶ್ರಮ ಅಪಾರ. ಇನ್ನು ಮುಂದೆ ಸಿದ್ಧವಾಗುವ ವಿವರಣಾತ್ಮಕ ಸೂಚಿಗಳಲ್ಲಿ ಗರಿಗಳ ಸಂಖ್ಯೆ, ಉದ್ದಗಲ, ಪಂಕ್ತಿಗಳೊಡನೆ ದಾರ ಮತ್ತು ಅದರ ನಾಣ್ಯಕ್ಕೂ ಒಂದು ಸಾಲು ಮೀಸಲಾಗಲಿ. ಬರುವ ಶ್ರುತಪಂಚಮಿಯಂದು ಕಟ್ಟು ಬಿಚ್ಚುವ ಗೃಹಸ್ಥರು ದಾರದ ತುದಿಯನ್ನೊಮ್ಮೆ ನೋಡಲಿ. ಅಲ್ಲಿ ಕಿಲುಬು ಹಿಡಿದ ಕಾಸಿದ್ದರೆ ಬೆಳಗುವ ಮನಸ್ಸನ್ನು ತಡೆದು, ಅದರ ಚಿತ್ರವನ್ನೂ ತೂಕವನ್ನೂ ಬರೆದಿಡಲಿ. ನಮ್ಮ ಮನೆಯ ಕಟ್ಟಿನ ಆ ಎರಡು ಗರಿಗಳ ತುದಿಯಲ್ಲಿ ಹಸಿರು ಕಲೆ ಇಂದಿಗೂ ಇದೆ. ಪ್ರತಿ ವರ್ಷ ಅದನ್ನು ನೋಡುತ್ತೇನೆ.